ಆಫೀಸಿಗೆ ಮುಂಚೆ ಟೆನಿಸ್: ನನ್ನ ವಾರದ ಅಭ್ಯಾಸ ಹೀಗಿದೆ

ಮೈಸೂರಿನ ಯಾವುದೇ ಕ್ಲಬ್‌ಗೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ, ಕೋರ್ಟ್ ತುಂಬ ಡಬಲ್ಸ್. ಐದು ನಿಮಿಷ ನಾಕಿಂಗ್ (ಸುಮ್ನೆ ಬಾಲ್ ಹೊಡೆದು ಕೈ ಬಿಸಿ ಮಾಡಿಕೊಳ್ಳುವುದು), ಆಮೇಲೆ ನೇರ ಸೆಟ್. ಅದೇ ನಾಲ್ಕು ಜನ, ಅದೇ ಶಾಟ್‌ಗಳು. ಖುಷಿಯೇನೋ ಸಿಗುತ್ತದೆ, ಬೆವರೂ ಇಳಿಯುತ್ತದೆ, ಆದರೆ ಆಟ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಸೆಟ್ ಆಡುವಾಗ ನಾವು ಗೊತ್ತಿರುವುದನ್ನೇ ಬಳಸುತ್ತೇವೆ, ಹೊಸದಕ್ಕೆ ಕೈ ಹಾಕುವುದಿಲ್ಲ. ಸ್ಕೋರ್ 30-40 ಆಗಿರುವಾಗ ಹೊಸ ಗ್ರಿಪ್‌ನಲ್ಲಿ ಎರಡನೇ ಸರ್ವ್ (ಮೊದಲನೇದು ತಪ್ಪಿದಾಗ ಸಿಗುವ ಕೊನೆಯ ಅವಕಾಶ) ಹಾಕಿ ನೋಡೋಣ ಅಂತ ಯಾರಿಗೆ ಧೈರ್ಯ ಬರುತ್ತದೆ ಹೇಳಿ?

ನಾನು ನಲವತ್ತು ದಾಟಿದವಳು. ಒಂಬತ್ತೂವರೆಗೆ ಆಫೀಸಿನಲ್ಲಿರಬೇಕು. ನನಗೆ ಕೋರ್ಟ್ ಸಿಗುವುದು ಬೆಳಿಗ್ಗೆ ಒಂದು ಗಂಟೆ ಮಾತ್ರ. ಹಾಗಾಗಿ ವಾರವನ್ನೇ ಎರಡು ಭಾಗ ಮಾಡಿಕೊಂಡೆ, ಅಭ್ಯಾಸದ ದಿನ ಬೇರೆ, ಆಟದ ದಿನ ಬೇರೆ. ಮಂಗಳವಾರ, ಗುರುವಾರ ಅಭ್ಯಾಸ. ಶನಿವಾರ ಸಿಂಗಲ್ಸ್ ಮ್ಯಾಚ್. ಭಾನುವಾರ ಗೆಳತಿಯರ ಜೊತೆ ಡಬಲ್ಸ್, ಅದು ಪೂರ್ತಿ ಖುಷಿಗೆ, ಅಲ್ಲಿ ಅಭ್ಯಾಸದ ಮಾತೇ ಇಲ್ಲ. ಉಳಿದ ದಿನ ಮನೆಯಲ್ಲಿ ಇಪ್ಪತ್ತು ನಿಮಿಷ ಕಾಲು, ಭುಜ, ಮೊಣಕೈಗೆ.

ಸರಿ, ಆ ಎರಡು ದಿನ ಏನು ಮಾಡಬೇಕು? ಇದನ್ನು ಶನಿವಾರದ ಮ್ಯಾಚೇ ಹೇಳುತ್ತದೆ. ಮ್ಯಾಚ್ ಮುಗಿದ ತಕ್ಷಣ, ಶೂ ಬಿಚ್ಚುವ ಮೊದಲೇ, ಬೆಂಚಿನ ಮೇಲೆ ಕೂತು ಪಾಯಿಂಟ್‌ಗಳು ಹೇಗೆ ಹೋದವು ಅಂತ ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಜಾಸ್ತಿನಾ, ರಿಟರ್ನ್ ನೆಟ್‌ಗೆ ಹೋಯಿತಾ, ಶಾರ್ಟ್ ಬಾಲ್ ಸಿಕ್ಕಾಗ ಹೊರಗೆ ಹೊಡೆದೆನಾ, ಇಷ್ಟೇ. ಕೆಲವು ವಾರ ಬರೆದ ಮೇಲೆ ಚಿತ್ರ ಸ್ಪಷ್ಟವಾಯಿತು. ಲಾಂಗ್ ರ್‍ಯಾಲಿಯಲ್ಲಿ ನಾನು ಸೋಲುವುದು ಕಡಿಮೆ, ಯಾಕೆಂದರೆ ಅಂಥ ರ್‍ಯಾಲಿ ಆಗುವುದೇ ಅಪರೂಪ. ದೊಡ್ಡವರ ಆಟದಲ್ಲೂ ಹೀಗೇ ಇದೆ. ಜೊಕೊವಿಚ್ ತಂಡದ ಜೊತೆಗೂ ಕೆಲಸ ಮಾಡಿದ ಆಸ್ಟ್ರೇಲಿಯಾದ ವಿಶ್ಲೇಷಕ ಕ್ರೇಗ್ ಓಶಾನೆಸಿ ಗ್ರ್ಯಾಂಡ್‌ಸ್ಲಾಮ್ ಅಂಕಿಅಂಶಗಳನ್ನು ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಸುಮಾರು ಶೇ 70ರಷ್ಟು ಪಾಯಿಂಟ್‌ಗಳು ನಾಲ್ಕು ಶಾಟ್‌ಗಳ ಒಳಗೇ ಮುಗಿಯುತ್ತವೆ. ಅಂದರೆ ಸರ್ವ್, ರಿಟರ್ನ್, ಅದರ ನಂತರ ಇಬ್ಬರದೂ ಒಂದೊಂದು ಶಾಟ್. ಅಲ್ಲಿಗೆ ಕಥೆ ಮುಗಿಯಿತು. ನಾವು ಮಾತ್ರ ಬೇಸ್‌ಲೈನ್‌ನಲ್ಲಿ ನಿಂತು ಅರ್ಧ ಗಂಟೆ ಫೋರ್‌ಹ್ಯಾಂಡ್ ಹೊಡೆಯುತ್ತೇವೆ, ಸರ್ವ್‌ಗೆ ಕೊನೆಯ ಎರಡು ನಿಮಿಷ. ನಾನು ಇದನ್ನು ತಿರುಗಿಸಿದೆ.

ಮಂಗಳವಾರ ಪೂರ್ತಿ ಸರ್ವ್. ಅದಕ್ಕೆ ಪಾರ್ಟ್‌ನರ್ ಬೇಕಿಲ್ಲ, ಹಳೇ ಬಾಲ್ ತುಂಬಿದ ಒಂದು ಬುಟ್ಟಿ ಸಾಕು. ಮೊದಲು ರಬ್ಬರ್ ಬ್ಯಾಂಡ್ ಹಿಡಿದು ಭುಜ ಬಿಸಿ ಮಾಡಿಕೊಳ್ಳುತ್ತೇನೆ, ಇದನ್ನು ಯಾವತ್ತೂ ಬಿಡುವುದಿಲ್ಲ. ಆಮೇಲೆ ಟಾಸ್, ಅಂದರೆ ಸರ್ವ್ ಹೊಡೆಯಲು ಬಾಲನ್ನು ಮೇಲಕ್ಕೆ ಎಸೆಯುವುದು. ನಮ್ಮ ಕ್ಲಬ್ಬಿನ ಮಾರ್ಕರ್ (ಸದಸ್ಯರ ಜೊತೆ ಆಡಿ ಕಲಿಸುವವರು) ಹೇಳಿಕೊಟ್ಟ ಅಭ್ಯಾಸ ಇದು. ಸರ್ವ್‌ಗೆ ನಿಲ್ಲುವ ಹಾಗೆ ನಿಂತು, ರ್‍ಯಾಕೆಟ್ಟನ್ನು ನೆಲದ ಮೇಲೆ ಇಡಬೇಕು, ಹಿಡಿ ಎಡಗಾಲಿನ ಹೆಬ್ಬೆರಳ ಹತ್ತಿರ, ತಲೆ ನೆಟ್ ಕಡೆಗೆ. ಈಗ ಬಾಲ್ ಎಸೆಯಬೇಕು, ಹೊಡೆಯಬಾರದು. ಕೈ ನೇರ ಇರಲಿ, ಮೊಣಕೈ ಮಡಿಸಬಾರದು, ಬಾಲನ್ನು ಬೆರಳ ತುದಿಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಬಂದಾಗ ಬಿಡಬೇಕು. ಸರಿಯಾಗಿ ಬಿಟ್ಟರೆ ಅದು ರ್‍ಯಾಕೆಟ್ಟಿನ ತಂತಿ ಮೇಲೆ ಬೀಳುತ್ತದೆ. ತಪ್ಪಿದರೆ ಎತ್ತ ತಪ್ಪಿತು ಅಂತ ಅಲ್ಲೇ ಕಾಣುತ್ತದೆ. "ಮೇಡಂ, ಜೋರು ಆಮೇಲೆ ನೋಡೋಣ, ಮೊದಲು ಬಾಲ್ ಒಂದೇ ಜಾಗಕ್ಕೆ ಬರಲಿ" ಅಂತ ಅವರು ಇವತ್ತಿಗೂ ಹೇಳುತ್ತಾರೆ. ಅವರ ಮಾತು ನೂರಕ್ಕೆ ನೂರು ನಿಜ. ಟಾಸ್ ಓಡಾಡುತ್ತಿದ್ದರೆ ಉಳಿದದ್ದೆಲ್ಲ ಅದರ ಹಿಂದೆ ಓಡುತ್ತದೆ.

ಟಾಸ್ ಆದ ಮೇಲೆ ಎರಡನೇ ಸರ್ವ್. ಹೌದು, ಮೊದಲು ಎರಡನೇದು. ಕಾಂಟಿನೆಂಟಲ್ ಗ್ರಿಪ್, ಅಂದರೆ ಸುತ್ತಿಗೆ ಹಿಡಿದ ಹಾಗೆ, ಬಾಲನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಬಾಲ್ ನೆಟ್‌ಗಿಂತ ಮೂರು ನಾಲ್ಕು ಅಡಿ ಮೇಲೆ ಹೋಗಿ, ಸುತ್ತುತ್ತಾ ಬಾಕ್ಸ್ (ಸರ್ವ್ ಬೀಳಬೇಕಾದ ಚೌಕ) ಒಳಗೆ ಇಳಿಯಬೇಕು. ಹೆದರಿಕೊಂಡು ಮೆತ್ತಗೆ ತಳ್ಳುವುದು ಎರಡನೇ ಸರ್ವ್ ಅಲ್ಲವೇ ಅಲ್ಲ. ಕೈ ಅಷ್ಟೇ ವೇಗವಾಗಿ ಬೀಸಬೇಕು, ಆ ವೇಗವೆಲ್ಲ ಸ್ಪಿನ್‌ಗೆ ಹೋಗಬೇಕು. ಹತ್ತು ಹತ್ತು ಬಾಲ್ ಲೆಕ್ಕ ಹಾಕುತ್ತೇನೆ. ಹತ್ತರಲ್ಲಿ ಏಳು ಒಳಗೆ ಬಿದ್ದರೆ, ಎದುರಾಳಿಯ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ಬಾಲಿನ ಖಾಲಿ ಡಬ್ಬ ಇಟ್ಟು ಅದಕ್ಕೆ ಗುರಿ ಇಡುತ್ತೇನೆ. ಬೀಳದಿದ್ದರೆ ಅಲ್ಲೇ ಮುಂದುವರಿಯುತ್ತೇನೆ. ಮೊದಲನೇ ಸರ್ವ್‌ಗೆ ಕೊನೆಯ ಹತ್ತು ನಿಮಿಷ ಸಾಕು. ಎರಡನೇದರ ಮೇಲೆ ನಂಬಿಕೆ ಕೂತರೆ ಮೊದಲನೇದು ತಾನಾಗಿ ಸಲೀಸಾಗುತ್ತದೆ, ಇದನ್ನು ನಾನು ನನ್ನ ಕೈಯಲ್ಲೇ ನೋಡಿದ್ದೇನೆ. ಒಟ್ಟು ಅರವತ್ತು ಎಪ್ಪತ್ತು ಸರ್ವ್ ಆಗುತ್ತಿದ್ದಂತೆ ನಿಲ್ಲಿಸುತ್ತೇನೆ, ಭುಜ ಸುಸ್ತಾದ ಮೇಲೆ ಹೊಡೆಯುವುದೆಲ್ಲ ಕೆಟ್ಟ ಅಭ್ಯಾಸವೇ.

ಗುರುವಾರಕ್ಕೆ ಪಾರ್ಟ್‌ನರ್ ಬೇಕು. ಅಭ್ಯಾಸ ಮಾಡಲು ಒಪ್ಪುವವರು ಸಿಗುವುದು ನಿಜಕ್ಕೂ ಕಷ್ಟ, ಎಲ್ಲರಿಗೂ ಸೆಟ್ ಬೇಕು. ನಾನು ಒಬ್ಬ ಗೆಳತಿಯ ಜೊತೆ ಒಪ್ಪಂದ ಮಾಡಿಕೊಂಡೆ. ಅರ್ಧ ಹೊತ್ತು ನನಗೆ ಬೇಕಾದ್ದು, ಅರ್ಧ ಹೊತ್ತು ಅವಳಿಗೆ ಬೇಕಾದ್ದು. ಮತ್ತೆ, ಎಲ್ಲಕ್ಕೂ ಸ್ಕೋರ್ ಇರಬೇಕು. ಸುಮ್ನೆ ಹೊಡೆದಾಡಿದರೆ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗುತ್ತದೆ.

ಶುರು ಮಾಡುವುದು ಕ್ರಾಸ್‌ಕೋರ್ಟ್ ಆಟದಿಂದ. ಅರ್ಧ ಕೋರ್ಟ್ ಮಾತ್ರ, ಮೂಲೆಯಿಂದ ಮೂಲೆಗೆ, 11 ಪಾಯಿಂಟ್‌ಗೆ. ಕ್ರಾಸ್‌ಕೋರ್ಟೇ ಯಾಕೆ ಅಂದರೆ, ನೆಟ್ ಮಧ್ಯದಲ್ಲಿ 3 ಅಡಿ, ಕಂಬದ ಹತ್ತಿರ ಮೂರೂವರೆ ಅಡಿ. ಕೋರ್ಟಿನ ಉದ್ದ 78 ಅಡಿ, ಅದೇ ಸಿಂಗಲ್ಸ್ ಕೋರ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ ಎಂಬತ್ತೆರಡೂವರೆ. ಅಂದರೆ ನೆಟ್ ತಗ್ಗಿರುವ ಕಡೆ ದಾಟಿಸುತ್ತೀರಿ, ಮೇಲಾಗಿ ನಾಲ್ಕೂವರೆ ಅಡಿ ಜಾಸ್ತಿ ಜಾಗವೂ ಸಿಗುತ್ತದೆ. ಇದನ್ನು ತಿಳಿದ ಮೇಲೆ ಲೈನ್ ಉದ್ದಕ್ಕೆ ಹೊಡೆಯುವ ಆಸೆ ನನಗೆ ಅರ್ಧಕ್ಕರ್ಧ ಇಳಿಯಿತು. ಈಗ ಬಾಲ್ ಶಾರ್ಟ್ ಬಂದಾಗ ಮಾತ್ರ ಆ ಕಡೆ ಹೋಗುತ್ತೇನೆ.

ಆಮೇಲೆ ರಿಟರ್ನ್. ಗೆಳತಿ ಸರ್ವೀಸ್ ಲೈನಿನ ಹತ್ತಿರ ನಿಂತು ಸರ್ವ್ ಮಾಡುತ್ತಾಳೆ, ಬಾಲ್ ಬೇಗ ಬರುತ್ತದೆ, ಬ್ಯಾಕ್‌ಸ್ವಿಂಗ್‌ಗೆ ಸಮಯವೇ ಇರುವುದಿಲ್ಲ. ಅದೇ ಬೇಕಾಗಿರುವುದು. ಭುಜ ತಿರುಗಿಸು, ಬಾಲನ್ನು ಮುಂದೆ ತಡೆ, ಕೋರ್ಟಿನ ಮಧ್ಯಕ್ಕೆ ಆಳವಾಗಿ ಕಳಿಸು. ಇಲ್ಲಿ ಸ್ಪ್ಲಿಟ್ ಸ್ಟೆಪ್ ತುಂಬಾ ಮುಖ್ಯ. ಎದುರಿನವರ ರ್‍ಯಾಕೆಟ್ ಬಾಲಿಗೆ ತಗುಲುವ ಹೊತ್ತಿಗೆ ಚಿಕ್ಕದಾಗಿ ಹಾರಿ ಎರಡೂ ಪಾದ ಊರಬೇಕು, ಆಗ ಎತ್ತ ಬೇಕಾದರೂ ಓಡಬಹುದು. ಅದು ರೂಢಿಯಾಗುವವರೆಗೆ ಪ್ರತಿ ಶಾಟ್‌ಗೂ ಬಾಯಿಬಿಟ್ಟು "ಹಾಂ" ಅಂತ ಹೇಳುತ್ತಿದ್ದೆ. ಪಕ್ಕದ ಕೋರ್ಟಿನವರು ತಿರುಗಿ ನೋಡುತ್ತಿದ್ದರು, ನೋಡಲಿ ಬಿಡಿ. ಕೊನೆಗೆ ಒಂದೇ ಸರ್ವ್‌ನ ಆಟ, ಪ್ರತಿ ಪಾಯಿಂಟ್‌ಗೂ ಎರಡನೇ ಸರ್ವ್ ಮಾತ್ರ, ತಪ್ಪಿದರೆ ಪಾಯಿಂಟ್ ಹೋಯಿತು. ಮಂಗಳವಾರ ಬುಟ್ಟಿಯಲ್ಲಿ ಮಾಡಿದ್ದು ಒತ್ತಡದಲ್ಲಿ ನಿಲ್ಲುತ್ತದಾ ಅಂತ ಇಲ್ಲಿ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಏರುಪೇರಾಗುತ್ತದೆ. ನಮ್ಮದು ಮಣ್ಣಿನ ಕೋರ್ಟ್, ರಾತ್ರಿ ಮಳೆ ಹಿಡಿದರೆ ಬೆಳಿಗ್ಗೆ ರೋಲರ್ ಹಾಕುವ ಮಾತೇ ಇಲ್ಲ. ಆಗ ಕ್ಲಬ್ಬಿನ ಗೋಡೆ. ಗೋಡೆ ಮೇಲೆ ಮೂರು ಅಡಿ ಎತ್ತರದಲ್ಲಿ ಗೆರೆ ಎಳೆದಿದ್ದಾರೆ, ಅದಕ್ಕಿಂತ ಎರಡು ಅಡಿ ಮೇಲೆ ಹೊಡೆಯುವುದು ನನ್ನ ನಿಯಮ. ಮೈದಾನದ ಅಭ್ಯಾಸಕ್ಕೆ ಇದು ಸಮವಲ್ಲ, ಆದರೆ ಕಾಲು ಚುರುಕಾಗಿರುತ್ತದೆ, ವಾಲಿಗಂತೂ (ಬಾಲ್ ಪುಟಿಯುವ ಮೊದಲೇ ಹೊಡೆಯುವ ಶಾಟ್) ಗೋಡೆಯೇ ಒಳ್ಳೇ ಗುರು.

ಇನ್ನು ದೇಹದ ವಿಷಯ, ನನ್ನ ವಯಸ್ಸಿನವರು ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ, ಅದೇ ಹೊತ್ತಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಕೂಡ ಆದರು. ತಮ್ಮ ಮಂಡಿಗಳಲ್ಲಿ ಕಾರ್ಟಿಲೇಜ್ ಉಳಿದಿಲ್ಲ, ಅಯ್ಯಂಗಾರ್ ಯೋಗದಿಂದ ತುಂಬಾ ಸಹಾಯವಾಯಿತು ಅಂತ ಅವರೇ ಹೇಳಿದ್ದಾರೆ. ಅದನ್ನು ಓದಿದ ಮೇಲೆ ಮನೆಯ ಇಪ್ಪತ್ತು ನಿಮಿಷಕ್ಕೆ ನಾನು ಕೊಡುವ ಬೆಲೆಯೇ ಬೇರೆ. ಸ್ಕಿಪ್ಪಿಂಗ್, ಲಂಜ್, ಹಿಮ್ಮಡಿ ಎತ್ತಿ ಇಳಿಸುವುದು, ಪ್ಲ್ಯಾಂಕ್. ಮೊಣಕೈಗೆ ಸಣ್ಣ ಡಂಬೆಲ್ ಹಿಡಿದು, ಅಂಗೈ ಕೆಳಗೆ ಮಾಡಿ, ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ. ಎತ್ತುವಾಗ ಇನ್ನೊಂದು ಕೈ ಸಹಾಯ ಕೊಡಬಹುದು, ಇಳಿಸುವಾಗ ಮಾತ್ರ ನಿಧಾನ ಇರಲೇಬೇಕು. ರ್‍ಯಾಕೆಟ್‌ಗೆ ಪಾಲಿಯೆಸ್ಟರ್ ತಂತಿ ಬಿಟ್ಟು ಮೆತ್ತನೆಯ ಮಲ್ಟಿಫಿಲಮೆಂಟ್ ಹಾಕಿಸಿ, ಟೆನ್ಶನ್ (ತಂತಿಯ ಬಿಗಿತ) ಸುಮಾರು 50 ಪೌಂಡ್‌ಗೆ ಇಳಿಸಿದೆ. ಪಾಲಿಯೆಸ್ಟರ್ ಗಟ್ಟಿ, ಪೆಟ್ಟೆಲ್ಲ ಕೈಗೇ ಬರುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಆಡುವ ನಮಗೆ ಅದರಿಂದ ಲಾಭಕ್ಕಿಂತ ನೋವೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಗಾಳಿ ಹೋದ ಬಾಲ್‌ಗಳೂ ಅಷ್ಟೇ. ಸರ್ವ್ ಬುಟ್ಟಿಗೆ ನಡೆಯುತ್ತವೆ, ರ್‍ಯಾಲಿಗೆ ಬೇಡ, ಅವನ್ನು ದಾಟಿಸಲು ಪ್ರತಿ ಸಲ ಜಾಸ್ತಿ ಬಲ ಹಾಕಬೇಕಾಗುತ್ತದೆ.

ತಿನ್ನುವ ವಿಷಯದಲ್ಲಿ ದೊಡ್ಡದೇನಿಲ್ಲ. ಹೋಗುವ ಮೊದಲು ಎರಡು ಏಲಕ್ಕಿ ಬಾಳೆಹಣ್ಣು, ಬೇಸಿಗೆಯಲ್ಲಿ ಬ್ಯಾಗಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ.

ಸಮಯ ತೀರಾ ಕಡಿಮೆ ಇರುವವರು ಕೇಳಿದರೆ ನಾನು ಒಂದೇ ಹೇಳುತ್ತೇನೆ. ವಾರದಲ್ಲಿ ಒಂದು ಬೆಳಿಗ್ಗೆ ಸೆಟ್ ಬಿಟ್ಟು ಬುಟ್ಟಿ ಹಿಡಿಯಿರಿ, ಎರಡನೇ ಸರ್ವ್‌ನಿಂದ ಶುರು ಮಾಡಿ. ಎರಡು ತಿಂಗಳಾದರೂ ಬಿಡದೆ ಮಾಡಿ, ನಡುವೆ ಗ್ರಿಪ್ ಬದಲಾದ ಕಾರಣಕ್ಕೆ ಆಟ ಸ್ವಲ್ಪ ಕೆಡುತ್ತದೆ, ಆಗ ಹಳೇ ಗ್ರಿಪ್‌ಗೆ ಹೋಗಬೇಡಿ. ನನ್ನ ಫೋನಿನ ಟಿಪ್ಪಣಿಯಲ್ಲಿ ಈಗ ಡಬಲ್ ಫಾಲ್ಟ್ ಅನ್ನುವುದು ಮೇಲಿನ ಸಾಲಿನಿಂದ ಕೆಳಗಿಳಿದಿದೆ. ಅದರ ಜಾಗಕ್ಕೆ ಎತ್ತರಕ್ಕೆ ಪುಟಿಯುವ ಬಾಲಿನ ಬ್ಯಾಕ್‌ಹ್ಯಾಂಡ್ ರಿಟರ್ನ್ ಬಂದಿದೆ, ಮುಂದಿನ ಕೆಲವು ಗುರುವಾರ ಅದಕ್ಕೇ ಮೀಸಲು.