ಉಪ್ಪಾಗೆ ಗಿಡಕ್ಕೆ ಮೂರು ವರ್ಷ ಸಾಲದು

ಹೊಸನಗರದ ಹತ್ತಿರ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೆ. ಬೋಳಾದ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಊರವರ ಜೊತೆ ಸೇರಿ ಗಿಡ ನೆಡಿಸುವುದು ನನ್ನ ಕೆಲಸ. 2011ರಲ್ಲಿ ಬ್ರಿಟನ್ ಸರ್ಕಾರದ ನೆರವಿನ ಹಣ ಅಲ್ಲಿನ ಒಂದು ಸಂಸ್ಥೆಯ ಮೂಲಕ ನಮಗೆ ಬಂತು. ಮೂರು ವರ್ಷದ ಯೋಜನೆ.

ಊರವರು ಕೇಳಿದ್ದು ಉಪ್ಪಾಗೆ, ಮುರುಗಲು; ಎರಡೂ ಹುಳಿ ಹಣ್ಣಿನ ಕಾಡುಮರಗಳು. ಒಣಸಿಪ್ಪೆಗೆ ದುಡ್ಡು ಸಿಗುತ್ತದೆ ಅಲ್ವಾ. ಆದರೆ ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ, ಬೀಜ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಸಸಿ ನೆಡುವಷ್ಟಾಗಲು ಇನ್ನೊಂದು ಮಳೆಗಾಲ ಹೋಗುತ್ತದೆ, ಕಾಯಿ ಬಿಡಲು ಎಂಟು ಹತ್ತು ವರ್ಷವಾದರೂ ಬೇಕು. ವರದಿಯ ಫಾರ್ಮಿನಲ್ಲಿದ್ದ ಪ್ರಶ್ನೆ ಒಂದೇ: ಎಷ್ಟು ಗಿಡ ನೆಟ್ಟಿರಿ? ಖರ್ಚನ್ನೂ ಮಾರ್ಚ್ ಒಳಗೆ ತೋರಿಸಬೇಕು. ಊರಿನ ಸಮಿತಿಯ ಹಿರಿಯರೊಬ್ಬರು, "ಮಾರ್ಚಲ್ಲಿ ನೆಟ್ರೆ ನೀರು ಹೊರೋದು ಯಾರು ಮಾರಾಯ?" ಎಂದರು. ಅಕೇಶಿಯಾ ಆದರೆ ಲೆಕ್ಕ ಸುಲಭ, ಬೇಗ ಬೆಳೆಯುತ್ತದೆ. ಊರಿಗೆ ಅದು ಬೇಡವಾಗಿತ್ತು, ನನಗೂ ಬೇಡವಾಗಿತ್ತು.

ನಾನು ಮಾಡಿದ್ದಿಷ್ಟು. ನರ್ಸರಿ ಚೀಲ, ಗೊಬ್ಬರ, ಬೇಲಿ ಎಲ್ಲವನ್ನೂ ಮಾರ್ಚ್ ಒಳಗಿನ ಹಣಕ್ಕೆ ಹಾಕಿದೆ. ನೆಡುವ ಕೂಲಿಯನ್ನು ಮುಂದಿನ ವರ್ಷದ ಮೊದಲ ಕಂತಿಗೆ ಇಟ್ಟೆ. ಆ ಕಂತು ಬಂದದ್ದು ಆಗಸ್ಟಿನಲ್ಲಿ. ಅಷ್ಟರಲ್ಲಿ ಊರವರು, ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಗುವ ಮುಯ್ಯಾಳು ಲೆಕ್ಕದಲ್ಲಿ ಜೂನ್‌ನಲ್ಲೇ ನೆಟ್ಟು ಮುಗಿಸಿದ್ದರು. ಆಮೇಲೆ ಪತ್ರದ ಮೇಲೆ ಪತ್ರ ಬರೆದು, ಎರಡನೇ ಬೇಸಿಗೆ ದಾಟಿದ ಗಿಡ ಎಷ್ಟು ಎಂಬ ಕಾಲಂ ಸೇರಿಸಿಕೊಂಡೆ. ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಅದೇ.

2012ರ ನವೆಂಬರ್‌ನಲ್ಲಿ ಬ್ರಿಟನ್, ಭಾರತಕ್ಕೆ ಕೊಡುವ ಹಣದ ನೆರವನ್ನು 2015ಕ್ಕೆ ನಿಲ್ಲಿಸುತ್ತೇವೆ ಎಂದಿತು. ಮಂಗಳ ಗ್ರಹಕ್ಕೆ ನೌಕೆ ಕಳಿಸುವ ದೇಶಕ್ಕೆ ನಮ್ಮ ತೆರಿಗೆ ಹಣ ಯಾಕೆ ಎಂದು ಅಲ್ಲಿನ ಜನ ಕೇಳುತ್ತಿದ್ದರು. ಆ ಪ್ರಶ್ನೆ ತಪ್ಪು ಎಂದು ನನಗೆ ಅನಿಸಲಿಲ್ಲ. ಕೊಡುವ ಸರ್ಕಾರ ತನ್ನ ಮತದಾರರಿಗೆ ಉತ್ತರ ಹೇಳಲೇಬೇಕು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ನ್ನು ನೆರವಾಗಿ ಕೊಡಬೇಕು ಎಂದು ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. ಬ್ರಿಟನ್ ಅದನ್ನು ಮುಟ್ಟಿದ್ದು 2013ರಲ್ಲಿ, ಕಾನೂನು ಮಾಡಿದ್ದು 2015ರಲ್ಲಿ. 2021ರಲ್ಲಿ ಶೇ 0.5ಕ್ಕೆ ಇಳಿಸಿತು. 2027ಕ್ಕೆ ಶೇ 0.3 ಎಂದು 2025ರಲ್ಲಿ ಹೇಳಿತು. ಹಣ ಕಡಿಮೆಯಾದರೆ ತಡೆದುಕೊಳ್ಳಬಹುದು, ಆದರೆ ಎಷ್ಟು ವರ್ಷ ಬರುತ್ತದೆ ಎಂದು ಮೊದಲೇ ಖಚಿತವಾಗಿ ಗೊತ್ತಿರಬೇಕು.

ನಮಗೆ ನಾಲ್ಕನೇ ವರ್ಷ ಸಿಗಲಿಲ್ಲ. ಬೇಲಿಯನ್ನು ಊರವರೇ ನೋಡಿಕೊಂಡರು. ಕಳೆದ ಜುಲೈನಲ್ಲಿ ಹೋದಾಗ ಕೆಲವು ಮರಗಳಲ್ಲಿ ಹಣ್ಣಿತ್ತು. ಹಿರಿಯರ ಮಗ ಒಂದು ಬುಟ್ಟಿ ಆರಿಸಿಕೊಟ್ಟರು, ಬೀಜ ತೊಳೆದು ಮತ್ತೆ ಚೀಲಕ್ಕೆ ಹಾಕಿದ್ದೇವೆ.