ಕಥೆ ಪಾಠಕ್ಕೆ ತಾಳಮದ್ದಳೆಯ ಕ್ರಮ

ಏಳನೇ ತರಗತಿಗೆ ಕಥೆ ಕಲಿಸುವಾಗ ನಾನು ನಾಟಕ ಮಾಡಿಸುವುದಿಲ್ಲ, ತಾಳಮದ್ದಳೆಯ, ಅಂದರೆ ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದ, ಕ್ರಮ ಹಿಡಿಯುತ್ತೇನೆ. ವೇಷ, ಪರದೆ, ಬಾಯಿಪಾಠ ಯಾವುದೂ ಬೇಡ. ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ವಾದಿಸುವುದನ್ನು ಶಿರಸಿ ಕಡೆಯ ಮಕ್ಕಳು ಮಳೆಗಾಲದಲ್ಲಿ ಕಂಡಿರುತ್ತಾರೆ. ಬಾಯಿಪಾಠಕ್ಕೆ ಬಿದ್ದರೆ ಮಾತು ಮರೆತೀತೆಂಬ ಭಯವೇ ಹೆಚ್ಚಾಗಿ, ಪಾತ್ರ ಹಾಗೇಕೆ ಮಾಡಿತು ಎಂಬ ಯೋಚನೆಗೆ ಜಾಗವಿರುವುದಿಲ್ಲ.

ಮೂರ್ನಾಲ್ಕು ಪುಟದ, ಮೂರು ಪಾತ್ರದ ಕಥೆ ಸಾಕು. ಪಾತ್ರವೊಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಓದು ನಿಲ್ಲಿಸಿ, ಕೊನೆಯ ಪುಟ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಅಮ್ಮನಿಗೆ ಹೇಳದೆ ಮಗ ದೋಣಿ ಮಾರಲು ಹೊರಟ ಕಥೆ ಎಂದುಕೊಳ್ಳಿ: ಮಗ, ಅಮ್ಮ, ಸಾಲ ಕೊಟ್ಟವನು. ನಾಲ್ಕೈದು ಮಕ್ಕಳ ಗುಂಪಿಗೊಂದು ಪಾತ್ರ, ಒಂದು ಚೀಟಿ. ಇವರಿಗೆ ಏನು ಗೊತ್ತು, ಏನು ಬೇಕು, ಏನು ಮುಚ್ಚಿಡುತ್ತಿದ್ದಾರೆ? ಪ್ರತಿ ಉತ್ತರದ ಪಕ್ಕ ಪುಟ ಮತ್ತು ಸಾಲಿನ ಸಂಖ್ಯೆ. 40 ನಿಮಿಷದ ಪೀರಿಯಡ್‌ನಲ್ಲಿ ಚೀಟಿಗೆ 12, ವಾದಕ್ಕೆ 15, ಬರೆಯಲು 10; ಉಳಿದದ್ದು ಬೆಂಚು ಎಳೆಯುವುದಕ್ಕೇ ಹೋಗುತ್ತದೆ.

ನಾಲ್ಕನೇ ಗುಂಪು ನಿರೂಪಕ. ಇದನ್ನು ಬಿಡಲೇಬಾರದು. ಹಾಡುತ್ತ ಕಥೆ ನಡೆಸುವ ಭಾಗವತರ ಜಾಗದಲ್ಲಿ ಕೂತವನಿಗೆ "ಅಮ್ಮ ಆಗ ಏನು ಯೋಚಿಸುತ್ತಿದ್ದಳು?" ಎಂದು ಕೇಳಿ. ಕಥೆ ಉದ್ದಕ್ಕೂ ಮಗನ ಬೆನ್ನಿಗೇ ಸಾಗಿದ್ದರೆ ಸರಿಯುತ್ತರ, "ಗೊತ್ತಿಲ್ಲ, ನಾನು ಮಗನ ಜೊತೆಗಿದ್ದೆ." ಕಥೆ ಯಾರ ಕಣ್ಣಿಂದ ಕಾಣುತ್ತಿದೆ ಎಂಬುದು ವ್ಯಾಖ್ಯೆ ಬರೆಸದೆಯೇ ಮಕ್ಕಳಿಗೆ ಹತ್ತುತ್ತದೆ.

ವಾದ ಮನೆಮಾತಿನಲ್ಲೇ ನಡೆಯಲಿ. "ಎಂತ ಮಾಡೂದು, ದೋಣಿ ಮಾರದೇ ಇದ್ರೆ ಸಾಲ ತೀರೂದು ಹ್ಯಾಂಗೆ?" ಎಂದವನು ಕಾರಣ ಹಿಡಿದಿದ್ದಾನೆ, ತಿದ್ದಹೋದರೆ ಮುಂದಿನ ಮಾತೇ ಹೊರಡದು. ಕೊಂಕಣಿ ಬಂದರೆ ಪಕ್ಕದವರು ಕನ್ನಡದಲ್ಲಿ ಹೇಳುತ್ತಾರೆ.

ಮಕ್ಕಳು ಕಥೆಯಲ್ಲಿಲ್ಲದ್ದನ್ನೂ ತುರುಕುತ್ತಾರೆ: ಲಾಟರಿ ಹೊಡೆಯಿತು, ಪೊಲೀಸರು ಬಂದರು. ಕೇಳುಗರಿಗೆ "ಯಾವ ಸಾಲಲ್ಲಿದೆ?" ಎಂದು ತಡೆಯುವ ಅಧಿಕಾರ ಕೊಡಿ. ಕಥೆ ಸುಮ್ಮನಿದ್ದ ಕಡೆ ಊಹೆ ನಡೆದೀತು, ಹೇಳಿದ್ದಕ್ಕೆ ವಿರುದ್ಧ ಹೋಗುವಂತಿಲ್ಲ. ಮಾತುಗಾರರೇ ಹೊತ್ತೆಲ್ಲ ನುಂಗದಂತೆ 3 ನಿಮಿಷಕ್ಕೊಮ್ಮೆ ಅರ್ಥಧಾರಿ ಬದಲಾಗಬೇಕು. ಸಾಲ ಕೊಟ್ಟವನಾಗಿ ಗದರಿದ ಹುಡುಗನಿಗೆ ಅದೇ ಅಡ್ಡಹೆಸರು ಅಂಟುವುದುಂಟು. ಹಾಗಾಗಿ ವಾದ ಮುಗಿದೊಡನೆ ಎದ್ದು, ತನ್ನ ಹೆಸರು ಹೇಳಿ, ಪಾತ್ರವನ್ನು 'ಅವನು' ಎಂದು ಕರೆದು ಒಂದು ಮಾತಾಡಿಯೇ ಕೂರಬೇಕು.

ಬರವಣಿಗೆ ತಾವು ಆಡದ ಪಾತ್ರದ ದಿನಚರಿ, ಐದಾರು ಸಾಲು. ಅಮ್ಮನ ದಿನಚರಿಯಲ್ಲಿ ದೋಣಿ ಮಾರಾಟದ ಸುದ್ದಿ ನುಸುಳಿದ್ದರೆ ಹಾಳೆ ವಾಪಸ್, ಅವಳಿಗಿನ್ನೂ ಗೊತ್ತಾಗಿಲ್ಲವಲ್ಲ! ಕೊನೆಯ ಪುಟ ಓದುವುದು ಮರುದಿನ. ಅಂತ್ಯ ಊಹಿಸಿದ್ದಕ್ಕೆ ಅಂಕವಿಲ್ಲ, ಚೀಟಿಯ ಸಾಲಿನ ಸಂಖ್ಯೆ ನೋಡಿಯೇ ಅಂಕ ಹಾಕುತ್ತೇನೆ.