ಹನ್ನೊಂದು ದಿನದ ಯೂರೋಪ್ ಪ್ರವಾಸಕ್ಕೆ ಆರು ತಿಂಗಳ ತಯಾರಿ

2024ರ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ಒಂದು ಪ್ರವಾಸ ಸಂಸ್ಥೆಯ ಗುಂಪಿನೊಂದಿಗೆ ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ ಹೋಗಿ ಬಂದೆವು. ಕೊಡಗಿನ ಸಿದ್ದಾಪುರದ ಬಳಿ ನಮ್ಮದು ಹದಿನಾಲ್ಕು ಎಕರೆ ಕಾಫಿ ತೋಟ. ಇಬ್ಬರೂ ಅರವತ್ತು ದಾಟಿದವರು, ಅದಕ್ಕೆ ಮೊದಲು ದೇಶ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಗುಂಪಿನಲ್ಲಿ ಹೋದರೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ ಎಂದು ನೆಂಟರು ಹೇಳಿದ್ದನ್ನು ನಾನು ಪೂರ್ತಿ ನಂಬಿದ್ದೆ. ಬಸ್ಸು, ಹೋಟೆಲು, ಊಟ, ಪ್ರವೇಶದ ಟಿಕೆಟ್ಟುಗಳನ್ನು ಅವರು ನೋಡಿಕೊಂಡದ್ದು ನಿಜ. ಆದರೆ ಹೊರಡುವ ಕಾಲ, ಕಾಗದಪತ್ರ, ಆರೋಗ್ಯ ಮತ್ತು ಹಿಂದೆ ಬಿಟ್ಟು ಹೋಗುವ ತೋಟದ ಹೊಣೆ ನಮ್ಮದಾಗಿಯೇ ಉಳಿಯಿತು. ನಮ್ಮಂತೆ ತೋಟವನ್ನೇ ನಂಬಿದ ಮನೆಗಳಿಂದ ಹೊರಡುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೊಡಗಿನ ಬೆಳೆಗಾರನಿಗೆ ವರ್ಷದಲ್ಲಿ ಬಿಡುವು ಸಿಗುವುದೇ ಕಡಿಮೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾದರೆ ಅದರ ಹಿಂದೆಯೇ ರೋಬಸ್ಟಾ ಬರುತ್ತದೆ, ಅದು ಮುಗಿಯುವ ಹೊತ್ತಿಗೆ ಕರಿಮೆಣಸು ಕಾದಿರುತ್ತದೆ, ಕಾಫಿ ಹೂವನ್ನು ಅರಳಿಸುವ ಹೂಮಳೆ ತಡವಾದರೆ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಕದಲುವಂತಿಲ್ಲ. ಮೇ ತಿಂಗಳಲ್ಲಿ ಗೊಬ್ಬರದ ಕೆಲಸ. ಜೊತೆಗೆ ಶಾಲಾ ರಜೆಯ ಕಾರಣ ಪ್ರವಾಸದ ದರವೂ ಹೆಚ್ಚು. ಯೂರೋಪಿನ ಬೇಸಿಗೆಯಾದ ಜುಲೈ ಮತ್ತು ಆಗಸ್ಟ್ ನಮಗೆ ಮಳೆಯ ತಿಂಗಳುಗಳು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಮೇಲೆ ಆ ದಿನಗಳಲ್ಲಿ ಮನೆ ಬಿಡುವ ಧೈರ್ಯ ನನಗಿಲ್ಲ. ಹೀಗಾಗಿ ಸೆಪ್ಟೆಂಬರ್ ಆರಂಭದ ನಮ್ಮ ಹಬ್ಬವಾದ ಕೈಲ್ ಮುಹೂರ್ತ ಮುಗಿಸಿ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೆ ಮೊದಲು ಮರಳುವಂತೆ ಸೆಪ್ಟೆಂಬರ್ ಮಧ್ಯವನ್ನು ಆರಿಸಿಕೊಂಡೆವು. ಆ ವರ್ಷ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ನಡೆದಿತ್ತು, ಪ್ಯಾರಾಲಿಂಪಿಕ್ಸ್ ಕೂಡ ಸೆಪ್ಟೆಂಬರ್ 8ಕ್ಕೆ ಮುಗಿದಿದ್ದರಿಂದ ಜನಸಂದಣಿಯ ಭಯವೂ ಕಡಿಮೆಯಾಯಿತು.

ನಮ್ಮನ್ನು ಹೆಚ್ಚು ದಣಿಸಿದ್ದು ಕಾಗದಪತ್ರ. ಈ ಮೂರೂ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹೆಚ್ಚು ರಾತ್ರಿ ತಂಗುವ ದೇಶದ ಮೂಲಕ ಹಾಕಬೇಕು. ನಮಗೆ ಅದು ಸ್ವಿಟ್ಜರ್ಲೆಂಡ್ ಆಯಿತು. ಆ ದೇಶಗಳನ್ನು ಬಿಟ್ಟು ಬರುವ ದಿನದಿಂದ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್‌ಗೆ ಅವಧಿ ಇರಬೇಕೆಂಬುದು ನಿಯಮವಾದರೂ ಸಂಸ್ಥೆಯವರು ಆರು ತಿಂಗಳು ಕೇಳಿದರು. ಮಗನ ಒತ್ತಾಯಕ್ಕೆ ಎಂದೋ ಮಾಡಿಸಿಟ್ಟಿದ್ದ ನಮ್ಮ ಪಾಸ್‌ಪೋರ್ಟ್‌ಗಳಿಗೆ ಅಷ್ಟು ಅವಧಿ ಉಳಿದಿರಲಿಲ್ಲ, ಆದ್ದರಿಂದ ಮಾರ್ಚ್‌ನಲ್ಲೇ ಮೈಸೂರಿಗೆ ಹೋಗಿ ನವೀಕರಣಕ್ಕೆ ಕೊಟ್ಟೆವು. ಆಗ ಹೆಸರಿನ ತೊಡಕು ಎದುರಾಯಿತು. ಹೆಂಡತಿಯ ಆಧಾರ್‌ನಲ್ಲಿ ತವರಿನ ಮನೆಹೆಸರಿನ ಮೊದಲಕ್ಷರವಿತ್ತು, ಹಳೆಯ ಪಾಸ್‌ಪೋರ್ಟ್‌ನಲ್ಲಿ ನಮ್ಮ ಮನೆಹೆಸರು ಪೂರ್ತಿಯಾಗಿತ್ತು, ಬ್ಯಾಂಕಿನ ಪುಸ್ತಕದಲ್ಲಿ ಎರಡೂ ಇರಲಿಲ್ಲ. ಮೂರನ್ನೂ ಒಂದೇ ರೂಪಕ್ಕೆ ತರಲು ಐದು ವಾರ ಹಿಡಿಯಿತು. ಮನೆಹೆಸರನ್ನು ಮೊದಲು ಬರೆಯುವ ರೂಢಿ ಇರುವ ನಮ್ಮ ಜಿಲ್ಲೆಯವರು ಹಣ ಕಟ್ಟುವುದಕ್ಕೆ ಮೊದಲೇ ಇದನ್ನು ನೋಡಿಕೊಳ್ಳಬೇಕು, ಏಕೆಂದರೆ ವಿಮಾನದ ಟಿಕೆಟ್‌ನಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು.

ಇನ್ನೊಂದು ತೊಡಕು ಆದಾಯದ್ದು. ವೀಸಾ ಅರ್ಜಿಯೊಂದಿಗೆ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೊಡಿ ಎಂದು ಸಂಸ್ಥೆಯವರು ಹೇಳಿದರು. ಕಾಫಿಯನ್ನು ಒಣಗಿಸಿ ಹಾಗೆಯೇ ಮಾರುವ ನಮ್ಮ ಆದಾಯ ಕೃಷಿ ಆದಾಯ. ಅದಕ್ಕೆ ತೆರಿಗೆ ಇಲ್ಲದ ಕಾರಣ ನಾವು ರಿಟರ್ನ್ಸ್ ಸಲ್ಲಿಸಿದವರೇ ಅಲ್ಲ. ಪಹಣಿ ಕೊಡೋಣವೆಂದರೆ, ನಮ್ಮದು ಜಮ್ಮಾ ಭೂಮಿ, ಎಂದರೆ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಿಡುವಳಿ, ಆದ್ದರಿಂದ ಪಹಣಿಯಲ್ಲಿ ಕುಟುಂಬದ ಪರವಾಗಿ ಪಟ್ಟೆದಾರರಾದ ನನ್ನ ದೊಡ್ಡಪ್ಪನ ಹೆಸರು ಮೊದಲಿಗೆ, ಆಮೇಲೆ ಕುಟುಂಬದ ಇತರರ ಹೆಸರುಗಳು, ಕೊನೆಗೆ ನನ್ನದು. ಹಾಗೆಯೇ ಕಳುಹಿಸಿದ ಮೊದಲ ಕಂತೆಯನ್ನು ಸಂಸ್ಥೆಯವರು ಹಿಂದಿರುಗಿಸಿದರು. ಎರಡನೆಯ ಸಲ ಪಹಣಿಯ ಇಂಗ್ಲಿಷ್ ಅನುವಾದಕ್ಕೆ ನೋಟರಿಯ ಮೊಹರು ಹಾಕಿಸಿ, ನಾಡಕಚೇರಿಯಿಂದ ವ್ಯವಸಾಯಗಾರರ ದೃಢೀಕರಣ ಪತ್ರ ಪಡೆದು, ಮೂರು ವರ್ಷ ಕಾಫಿ ಮತ್ತು ಮೆಣಸು ಮಾರಿದ ಬಿಲ್ಲುಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನ ಜಮೆಗಳಿಗೆ ಒಂದೊಂದಾಗಿ ಹೊಂದಿಸಿ, ಜಮ್ಮಾ ಹಿಡುವಳಿ ಎಂದರೇನು, ಅದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಒಂದು ಪುಟದಲ್ಲಿ ಸರಳವಾಗಿ ವಿವರಿಸಿ, ಲೆಕ್ಕ ಪರಿಶೋಧಕರ ಪತ್ರವನ್ನೂ ಸೇರಿಸಿ ಕೊಟ್ಟೆ. ವೀಸಾ ಸಿಕ್ಕಿತು. ಆ ಒಂದು ಪುಟದ ವಿವರಣೆಯೇ ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ, ಏಕೆಂದರೆ ನಮ್ಮ ಭೂಮಿಯ ಪದ್ಧತಿ ಹೊರಗಿನ ಅಧಿಕಾರಿಗೆ ತಾನಾಗಿ ಅರ್ಥವಾಗುವಂಥದ್ದಲ್ಲ.

ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಇಬ್ಬರೂ ಹೋಗಲೇಬೇಕಿತ್ತು. ನಾಲ್ಕು ದಶಕ ಕಣದಲ್ಲಿ ಕಾಫಿ ಹರವಿ, ಗಿಡದ ಕೊಂಬೆ ಸವರಿ ಸವೆದ ನನ್ನ ಹೆಂಡತಿಯ ಬೆರಳುಗಳನ್ನು ಯಂತ್ರ ಹಿಡಿಯಲಿಲ್ಲ. ಅಲ್ಲಿನ ಹುಡುಗಿ ಗಾಜನ್ನು ಬಟ್ಟೆಯಿಂದ ಒರೆಸಿ, ಇವಳ ಬೆರಳುಗಳಿಗೆ ಒದ್ದೆ ಕಾಗದ ತಾಗಿಸಿ, "ಅಮ್ಮಾ, ಒತ್ತಬೇಡಿ, ಸುಮ್ಮನೆ ಇಡಿ" ಎನ್ನುತ್ತ ಏಳೆಂಟು ಸಲ ತಾಳ್ಮೆಯಿಂದ ಪ್ರಯತ್ನಿಸಿದ ಮೇಲೆ ಬಲಗೈಯ ಅಚ್ಚು ಬಂತು. ಹೋಗುವ ಮೊದಲು ಒಂದು ವಾರ ತೋಟದ ಕೆಲಸ ಬಿಟ್ಟು, ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಪ್ರವಾಸದ ದಿನವಹಿ ಪಟ್ಟಿಯನ್ನು ನಾನು ಪೆನ್ಸಿಲ್ ಹಿಡಿದು ಓದಿದೆ, ಎಲ್ಲರೂ ಹಾಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ "ನೋಡುವುದು" ಎಂದಿದ್ದರೆ ಬಸ್ಸಿನಿಂದಲೋ ಹೊರಗೆ ನಿಂತೋ ನೋಡುವುದು ಎಂದರ್ಥ. "ಪ್ರವೇಶ ಸಹಿತ" ಎಂದಿದ್ದರೆ ಮಾತ್ರ ಒಳಗೆ ಹೋಗುತ್ತೇವೆ. ಐಫೆಲ್ ಗೋಪುರದ ಟಿಕೆಟ್ ಎರಡನೆಯ ಅಂತಸ್ತಿನವರೆಗೆ ಮಾತ್ರವಿತ್ತು, ತುದಿಯವರೆಗೆ ಹೋಗಲು ಹೆಚ್ಚು ಹಣ ಕೊಡಬೇಕಿತ್ತು. ಪ್ಯಾರಿಸ್‌ನಲ್ಲಿ ಬಿಡುವಿನ ದಿನ ಮಂಗಳವಾರವೆಂದು ಪಟ್ಟಿಯಲ್ಲಿತ್ತು, ಲೂವ್ರ್ ವಸ್ತುಸಂಗ್ರಹಾಲಯಕ್ಕೆ ವಾರದ ರಜೆಯೂ ಮಂಗಳವಾರವೇ. ಜುಲೈನಲ್ಲಿಯೇ ಇದನ್ನು ತೋರಿಸಿದ್ದರಿಂದ ದಿನಗಳನ್ನು ಅದಲು ಬದಲು ಮಾಡಿಕೊಟ್ಟರು. ಪ್ಯಾರಿಸ್‌ನಿಂದ ಲೂಸರ್ನ್‌ಗೆ ಹೋಗುವ ದಿನ ಸುಮಾರು 600 ಕಿಲೋಮೀಟರ್ ಪ್ರಯಾಣದ ಜೊತೆಗೆ ಸಂಜೆ ಪೇಟೆ ಸುತ್ತಾಟವನ್ನೂ ಬರೆದಿದ್ದರು. ಅಲ್ಲಿನ ಕಾನೂನಿನಂತೆ ಬಸ್ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಊಟ, ಶೌಚಾಲಯದ ನಿಲುಗಡೆಗಳನ್ನು ಸೇರಿಸಿ ಲೆಕ್ಕ ಹಾಕಿದರೆ ನಾವು ತಲುಪುವಾಗ ಕತ್ತಲಾಗುತ್ತಿತ್ತು. ಕೇಳಿದ ಮೇಲೆ ಸುತ್ತಾಟವನ್ನು ಮರುದಿನ ಬೆಳಗ್ಗೆಗೆ ಹಾಕಿ ಇಮೇಲ್ ಮಾಡಿದರು. ಇಟಲಿಯ ಹೋಟೆಲುಗಳಲ್ಲಿ ರಾತ್ರಿಗಿಷ್ಟು ಎಂದು ಕೊಡುವ ನಗರ ತೆರಿಗೆ, ಚಾಲಕನಿಗೆ ಕೊಡುವ ಭಕ್ಷೀಸು ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನೂ ಬರೆಸಿಕೊಂಡೆ.

ಯುಂಗ್‌ಫ್ರಾವ್‌ಯೋಖ್ ನಮ್ಮ ಪಟ್ಟಿಯಲ್ಲಿದ್ದ ಸ್ವಿಟ್ಜರ್ಲೆಂಡಿನ ಹಿಮಪರ್ವತದ ತಾಣ, ಅದು 3,454 ಮೀಟರ್ ಎತ್ತರದಲ್ಲಿದೆ. ಹೆಂಡತಿಗೆ ರಕ್ತದೊತ್ತಡ ಇರುವುದರಿಂದ ಮಡಿಕೇರಿಯ ವೈದ್ಯರನ್ನು ಕೇಳಿದೆವು. ಮೇಲೆ ಅವಸರದಿಂದ ನಡೆಯಬೇಡಿ, ತಲೆ ಸುತ್ತಿದರೆ ಕೂಡಲೇ ಕೆಳಗಿಳಿಯಿರಿ ಎಂದರು. ವೀಸಾಕ್ಕೆ 30,000 ಯೂರೋಗಳ ವಿಮೆ ಕಡ್ಡಾಯ. ಇರುವ ಕಾಯಿಲೆಯನ್ನು ಅದರಲ್ಲಿ ಮುಚ್ಚಿಡಬಾರದು. ಮಾತ್ರೆಗಳನ್ನು ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಂಡೆವು. ಹಂದಿ ಉಪ್ಪಿನಕಾಯಿ, ತುಪ್ಪ ಎರಡನ್ನೂ ಮನೆಯಲ್ಲೇ ಬಿಟ್ಟೆವು, ಏಕೆಂದರೆ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಅಲ್ಲಿಗೆ ಒಯ್ಯುವಂತಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದು ಯೂರೋ ಅಲ್ಲ, ಫ್ರಾಂಕ್. ಸ್ವಲ್ಪ ಚಿಲ್ಲರೆ ಬೇಕಾಗುತ್ತದೆ.

ವಿಮಾನ ಬೆಂಗಳೂರಿನಿಂದ ಇತ್ತು. ದೇವನಹಳ್ಳಿಗೆ ಹೋಗಲು ಬೆಂಗಳೂರನ್ನು ಪೂರ್ತಿ ದಾಟಬೇಕು, ನಮ್ಮ ಕಡೆಯ ರಸ್ತೆಗಳಲ್ಲಿ ಬೆಳಗಿನ ಜಾವ ಆನೆ ಅಡ್ಡ ಬರುವ ಸಂಭವವಿದೆ, ಸೆಪ್ಟೆಂಬರ್‌ನಲ್ಲಿ ಮರ ಬೀಳುವುದೂ ಉಂಟು. ಅದಕ್ಕಾಗಿ ಒಂದು ದಿನ ಮೊದಲೇ ಹಗಲು ಹೊತ್ತಿನಲ್ಲಿ ಹೊರಟು ತಂಗಿಯ ಮನೆಯಲ್ಲಿ ಉಳಿದೆವು. ತೋಟವನ್ನು ಮೇಸ್ತ್ರಿಗೆ ಒಪ್ಪಿಸಿ, ಲೈನ್ ಮನೆಗಳಲ್ಲಿರುವ ಕಾರ್ಮಿಕರ ವಾರದ ಬಟವಾಡೆಯ ಹಣವನ್ನು ಎರಡು ಲಕೋಟೆಗಳಲ್ಲಿ ಬೇರೆಬೇರೆ ಇಟ್ಟು, ಮಳೆಮಾಪಕದ ಪುಸ್ತಕವನ್ನೂ ಕೊಟ್ಟೆ. ಮರಳಿ ಬಂದಾಗ ಹನ್ನೊಂದು ದಿನಗಳ ಮಳೆ ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ, ಒಂದು ದಿನವೂ ತಪ್ಪದೆ ಮೇಸ್ತ್ರಿಯ ಅಕ್ಷರದಲ್ಲಿತ್ತು.

ಪ್ಯಾಕೇಜಿನ ಹಣದ ಜೊತೆ ಆಗ ಶೇಕಡಾ 5ರಂತೆ ಟಿಸಿಎಸ್ ಎಂಬ, ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆಯನ್ನೂ ಕಟ್ಟಿಸಿಕೊಂಡಿದ್ದರು. ತೆರಿಗೆ ಬೀಳುವಷ್ಟು ಬೇರೆ ಆದಾಯ ಇಲ್ಲದವರಿಗೆ ಅದು ವಾಪಸು ಬರುತ್ತದೆ, ಆದರೆ ರಿಟರ್ನ್ಸ್ ಸಲ್ಲಿಸಿ ಕೇಳಬೇಕು. ಮರುವರ್ಷ ನಾನು ಜೀವನದಲ್ಲಿ ಮೊದಲ ಸಲ ರಿಟರ್ನ್ಸ್ ಸಲ್ಲಿಸಿದೆ, ಹಣ ಬ್ಯಾಂಕ್ ಖಾತೆಗೆ ಬಂತು.